ನೀರು ನಿಲ್ಲದ ಲೋಹ, ಎಣ್ಣೆ ಅಂಟದ ಲೋಹ: ಲೇಸರ್ ಬೆಳಕಿನ ಕೆತ್ತನೆ

ಕೆಸುವಿನ ಎಲೆಯ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಅದು ಹರಡುವುದಿಲ್ಲ. ಪಾದರಸದ ಗುಂಡಿನಂತೆ ಹೊಳೆಯುತ್ತಾ ನಿಲ್ಲುತ್ತದೆ. ಎಲೆಯನ್ನು ಕೊಂಚ ವಾಲಿಸಿದರೆ ಸಾಕು, ಉರುಳಿ ಕೆಳಗೆ ಬೀಳುತ್ತದೆ. ಎಲೆ ಮಾತ್ರ ಒಣಗಿದ್ದಂತೆಯೇ ಉಳಿಯುತ್ತದೆ. ತಾವರೆ ಎಲೆಯದೂ ಇದೇ ಗುಣ. ಸಂಸಾರದಲ್ಲಿದ್ದೂ ಅಂಟಿಕೊಳ್ಳದವರನ್ನು ತಾವರೆ ಎಲೆಯ ಮೇಲಿನ ನೀರಿಗೆ ಹೋಲಿಸುವುದು ನಮ್ಮಲ್ಲಿ ಹಳೆಯ ಮಾತು.

ಈಗ ಅದೇ ಎಲೆಯ ಮೇಲೆ ಒಂದು ಹನಿ ಅಡುಗೆ ಎಣ್ಣೆ ಹಾಕಿ. ಎಣ್ಣೆ ಉರುಳುವುದಿಲ್ಲ. ಹರಡಿಕೊಂಡು ಎಲೆಗೆ ಅಂಟುತ್ತದೆ. ಆ ಜಾಗದಲ್ಲಿ ಎಲೆ ನೀರನ್ನು ದೂಡುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ.

ಒಂದೇ ಎಲೆ ನೀರನ್ನು ಒಲ್ಲೆನೆನ್ನುತ್ತದೆ, ಎಣ್ಣೆಗೆ ಸೋಲುತ್ತದೆ. ಇದೇಕೆ? ನೀರು ಮತ್ತು ಎಣ್ಣೆ ಎರಡನ್ನೂ ಒಲ್ಲದ ಮೇಲ್ಮೈಯನ್ನು ಲೋಹದಲ್ಲೋ ಗಾಜಿನಲ್ಲೋ ನಾವು ಮಾಡಿಕೊಳ್ಳಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವ ವಿಜ್ಞಾನಿಗಳ ಕೈಯಲ್ಲಿ ಇಂದು ಇರುವ ಒಂದು ಮುಖ್ಯ ಸಾಧನ ಲೇಸರ್. ಕಿರುತೆರೆಯಲ್ಲಿ ಹನಿಯೊಂದು ಪುಟಿದು ಮಾಯವಾಗಲು ಒಂದು ಕ್ಷಣ ಸಾಕು. ಆ ಕ್ಷಣದ ಹಿಂದಿರುವ ಭೌತಶಾಸ್ತ್ರವನ್ನು ಈ ಪುಟಗಳಲ್ಲಿ ನಿಧಾನವಾಗಿ ನೋಡೋಣ.

ಹನಿ ಏಕೆ ದುಂಡಗಾಗುತ್ತದೆ?

ದ್ರವದ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಹೊರಗಡೆ ಸಂಗಾತಿಗಳಿಲ್ಲ. ಹೀಗಾಗಿ ದ್ರವ ತನ್ನ ಮೇಲ್ಮೈಯನ್ನು ಆದಷ್ಟು ಕಿರಿದಾಗಿಸಿಕೊಳ್ಳಲು ಯತ್ನಿಸುತ್ತದೆ. ಇದೇ ಮೇಲ್ಮೈ ಎಳೆತ. ಒಂದು ಗಾತ್ರದ ದ್ರವಕ್ಕೆ ಅತ್ಯಂತ ಕಡಿಮೆ ಮೇಲ್ಮೈ ಇರುವ ಆಕಾರ ಗೋಳ. ಅದಕ್ಕಾಗಿ ಹನಿ ದುಂಡಗಾಗಲು ನೋಡುತ್ತದೆ.

ಆದರೆ ಹನಿ ಒಂದು ಘನವಸ್ತುವಿನ ಮೇಲೆ ಕೂತಾಗ ಆ ವಸ್ತುವೂ ಅದನ್ನು ತನ್ನೆಡೆಗೆ ಎಳೆಯುತ್ತದೆ. ವಸ್ತುವಿನ ಸೆಳೆತ ಗೆದ್ದರೆ ಹನಿ ಹರಡುತ್ತದೆ. ದ್ರವದ ಎಳೆತ ಗೆದ್ದರೆ ಹನಿ ದುಂಡಗೆ ನಿಲ್ಲುತ್ತದೆ. ಹನಿಯ ಅಂಚು ವಸ್ತುವನ್ನು ಮುಟ್ಟುವ ಜಾಗದಲ್ಲಿ, ದ್ರವದ ಒಳಗಿನಿಂದ ಅಳೆದ ಕೋನವನ್ನು ಸ್ಪರ್ಶಕೋನ ಎನ್ನುತ್ತಾರೆ. ಈ ಕೋನ 90 ಡಿಗ್ರಿಗಿಂತ ಕಡಿಮೆಯಾದರೆ ವಸ್ತು ಆ ದ್ರವಕ್ಕೆ ಒದ್ದೆಯಾಗುತ್ತದೆ ಎಂದೂ, ಹೆಚ್ಚಾದರೆ ಒದ್ದೆಯಾಗಲು ಹಿಂಜರಿಯುತ್ತದೆ ಎಂದೂ ಹೇಳಬಹುದು. ಕೋನ 150 ಡಿಗ್ರಿ ದಾಟಿ, ವಸ್ತುವನ್ನು ಸ್ವಲ್ಪವೇ ವಾಲಿಸಿದರೂ ಹನಿ ಉರುಳಿ ಹೋಗುವಂತಿದ್ದರೆ ಅದನ್ನು ಅತಿ ಜಲವಿರೋಧಿ ಮೇಲ್ಮೈ ಎನ್ನುತ್ತಾರೆ. ಸ್ಪರ್ಶಕೋನಕ್ಕೂ ಈ ಎಳೆತಗಳಿಗೂ ಇರುವ ಸಂಬಂಧವನ್ನು 1805ರಲ್ಲಿ ವಿವರಿಸಿದವನು ಇಂಗ್ಲೆಂಡಿನ ಥಾಮಸ್ ಯಂಗ್. ಬೆಳಕಿನ ವ್ಯತಿಕರಣದ ಪಾಠದಲ್ಲಿ ನೀವು ಓದುವ ಯಂಗ್ ಇವನೇ.

ಈಗ ಕೆಲವು ಅಂಕಿಗಳನ್ನು ಗಮನಿಸಿ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಡುಗೆ ಎಣ್ಣೆಗಳದು 30ರಿಂದ 35ರ ಆಸುಪಾಸು. ಪೆಟ್ರೋಲಿನಲ್ಲಿರುವ ಆಕ್ಟೇನಿನದು ಸುಮಾರು 22. ಅಂದರೆ ನೀರಿನ ಹನಿಗೆ ತನ್ನನ್ನು ತಾನು ಒಟ್ಟಾಗಿ ಹಿಡಿದುಕೊಳ್ಳುವ ಬಲ ಹೆಚ್ಚು. ಎಣ್ಣೆಗೆ ಅದರ ಅರ್ಧದಷ್ಟೂ ಇಲ್ಲ. ಎಲೆ ನೀರನ್ನು ದೂಡಿದರೂ ಎಣ್ಣೆಯನ್ನು ದೂಡಲಾರದ್ದಕ್ಕೆ ಮೂಲ ಕಾರಣ ಇದು.

ಎಲೆ ಕಲಿಸಿದ ಪಾಠ

ಎಲೆಯ ಮೇಲೆ ಮೇಣದ ಲೇಪವಿದೆ, ಆದ್ದರಿಂದ ನೀರು ಅಂಟುವುದಿಲ್ಲ ಎಂದು ನಾವು ಹೇಳಿಬಿಡುತ್ತೇವೆ. ಇದು ಅರ್ಧ ಸತ್ಯ. ಮೇಣದ ಬತ್ತಿಯ ಮೇಲೆ ನೀರು ಹಾಕಿದರೆ ಹನಿ ನಿಲ್ಲುತ್ತದೆ ನಿಜ, ಆದರೆ ಎಲೆಯ ಮೇಲಿನಂತೆ ಉರುಳಿ ಓಡುವುದಿಲ್ಲ. ನಯವಾದ ಮೇಲ್ಮೈಗೆ ಅತ್ಯುತ್ತಮ ಜಲವಿರೋಧಿ ವಸ್ತುವನ್ನೇ ಹಚ್ಚಿದರೂ ಸ್ಪರ್ಶಕೋನ ಸುಮಾರು 120 ಡಿಗ್ರಿಯ ಮೇಲೆ ಏರುವುದಿಲ್ಲ.

ಉಳಿದರ್ಧ ಸತ್ಯವನ್ನು ತೋರಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಸಹೋದ್ಯೋಗಿ ಕ್ರಿಸ್ಟೋಫ್ ನೈನ್‌ಹೌಸ್ 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ತಾವರೆ ಎಲೆಯ ಈ ಗುಣ ಲೋಕಪ್ರಸಿದ್ಧವಾಯಿತು. ನಮ್ಮ ಕಣ್ಣಿಗೆ ನಯವಾಗಿ ಕಾಣುವ ಆ ಎಲೆಯ ಮೇಲೆ ಮೈಕ್ರೋಮೀಟರ್ ಅಳತೆಯ ಅಸಂಖ್ಯ ಗುಬ್ಬುಗಳಿವೆ. ಒಂದೊಂದು ಗುಬ್ಬಿನ ಮೇಲೂ ಅದಕ್ಕಿಂತ ಎಷ್ಟೋ ಚಿಕ್ಕದಾದ ಮೇಣದ ಎಳೆಗಳಿವೆ. ನೀರಿನ ಹನಿ ಈ ತುದಿಗಳ ಮೇಲೆ ಮಾತ್ರ ಕೂರುತ್ತದೆ. ನಡುವಿನ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ. ಹನಿಯ ಅಡಿಯಲ್ಲಿ ಬಹುಪಾಲು ಇರುವುದು ಎಲೆಯಲ್ಲ, ಗಾಳಿ! ಹನಿ ಉರುಳುವಾಗ ಸಡಿಲವಾಗಿ ಕೂತ ಧೂಳಿನ ಕಣಗಳನ್ನೂ ಹೊತ್ತುಕೊಂಡು ಹೋಗುತ್ತದೆ. ಕೆಸರಿನಲ್ಲಿ ಹುಟ್ಟಿದ ಎಲೆ ಶುಭ್ರವಾಗಿರುವುದು ಹೀಗೆ.

ಒರಟುತನ ಒದ್ದೆಯಾಗುವಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದರ ಲೆಕ್ಕ ಇದಕ್ಕೂ ಹಳೆಯದು. 1936ರಲ್ಲಿ ವೆನ್‌ಜೆಲ್ ಮತ್ತು 1944ರಲ್ಲಿ ಕ್ಯಾಸಿ ಹಾಗೂ ಬ್ಯಾಕ್ಸ್‌ಟರ್ ಅದಕ್ಕೆ ಸೂತ್ರಗಳನ್ನು ಕೊಟ್ಟಿದ್ದರು. ಅವುಗಳ ಸಾರಾಂಶ ಇಷ್ಟು. ದ್ರವ ಸಂದುಗಳೊಳಗೆ ಇಳಿದರೆ ಒರಟುತನವು ವಸ್ತುವಿನ ಸ್ವಭಾವವನ್ನೇ ಹೆಚ್ಚಿಸುತ್ತದೆ: ನೀರನ್ನು ಒಲಿಯುವ ವಸ್ತು ಇನ್ನಷ್ಟು ಒಲಿಯುತ್ತದೆ, ಒಲ್ಲದ ವಸ್ತು ಇನ್ನಷ್ಟು ಒಲ್ಲೆನೆನ್ನುತ್ತದೆ. ದ್ರವ ಇಳಿಯದೆ ಗಾಳಿಯ ಹಾಸಿಗೆಯ ಮೇಲೆ ನಿಂತರೆ ಹನಿ ಹೆಚ್ಚುಕಡಿಮೆ ಗೋಳವೇ ಆಗುತ್ತದೆ. ಹೀಗೆ ಮೇಲ್ಮೈಯ ಗುಣಕ್ಕೆ ಎರಡು ಕಾರಣಗಳು: ಒಂದು ಅದರ ರಾಸಾಯನಿಕ ದ್ರವ್ಯ, ಇನ್ನೊಂದು ಅದರ ಸೂಕ್ಷ್ಮ ರೂಪ. ಈ ಎರಡು ಮಾತುಗಳನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇವುಗಳದೇ.

ಬೆಳಕೇ ಉಳಿಯಾದಾಗ

ಲೋಹದ ಮೇಲೆ ಎಲೆಯಂಥ ರೂಪವನ್ನು ಕೆತ್ತುವುದು ಹೇಗೆ? ನಮ್ಮ ಕೂದಲೆಳೆಯ ದಪ್ಪವೇ ಸುಮಾರು 70 ಮೈಕ್ರೋಮೀಟರ್. ಇಲ್ಲಿ ಬೇಕಾಗಿರುವುದು ಅದಕ್ಕಿಂತ ಎಷ್ಟೋ ಪಟ್ಟು ಸಣ್ಣ ಕೆತ್ತನೆ. ಯಾವ ಉಳಿಯೂ ಇದಕ್ಕೆ ಒದಗದು. ಒದಗುವುದು ಬೆಳಕು.

1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಲೇಸರಿನಿಂದ ಲೋಹವನ್ನು ಕತ್ತರಿಸುವುದು, ಬೆಸೆಯುವುದು ಇಂದು ಸಾಮಾನ್ಯ. ಆದರೆ ಸಾಧಾರಣ ಲೇಸರಿನ ಶಾಖ ಸುತ್ತಲಿನ ಲೋಹಕ್ಕೂ ಹರಡುತ್ತದೆ; ಲೋಹ ಕರಗಿ ಅಂಚುಗಳು ಕದಡುತ್ತವೆ. ಸೂಕ್ಷ್ಮ ಕೆತ್ತನೆಗೆ ಶಾಖ ಹರಡುವ ಮೊದಲೇ ಕೆಲಸ ಮುಗಿಯಬೇಕು. ಅಂದರೆ ಲೇಸರ್ ಬೆಳಕು ಅತ್ಯಲ್ಪ ಕಾಲದ ಮಿಡಿತಗಳಾಗಿ ಬರಬೇಕು.

ಎಷ್ಟು ಅಲ್ಪ? ಇಲ್ಲಿ ಬಳಸುವ ಅಳತೆ ಫೆಮ್ಟೊಸೆಕೆಂಡ್. ಒಂದರ ಮುಂದೆ ಹದಿನೈದು ಸೊನ್ನೆ ಬರೆದು, ಒಂದು ಸೆಕೆಂಡನ್ನು ಅಷ್ಟು ಪಾಲು ಮಾಡಿದರೆ ಅದರಲ್ಲೊಂದು ಪಾಲು. ನಮ್ಮ ದೂರದರ್ಶನದ ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳಲ್ಲಿ ಓಡುತ್ತದೆ. ಆ ಒಂದು ಚೌಕಟ್ಟಿನ ಅವಧಿಯಲ್ಲಿ 40 ಲಕ್ಷ ಕೋಟಿ ಫೆಮ್ಟೊಸೆಕೆಂಡುಗಳಿವೆ! ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಒಂದು ಫೆಮ್ಟೊಸೆಕೆಂಡಿನಲ್ಲಿ ಸಾಗುವ ದೂರ ಒಂದು ಮೈಕ್ರೋಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಶಕ್ತಿಯನ್ನು ಇಷ್ಟು ಕಿರಿದಾದ ಕಾಲದಲ್ಲಿ ಅಡಕಿದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಒಂದು ಮಿಲಿಜೌಲ್ ಶಕ್ತಿ ಬಹಳ ಅಲ್ಪ. ಒಂದು ಗ್ರಾಂ ನೀರಿನ ತಾಪವನ್ನು ಅದು ಒಂದು ಡಿಗ್ರಿಯ ನಾಲ್ಕು ಸಾವಿರದ ಒಂದು ಭಾಗದಷ್ಟೂ ಏರಿಸಲಾರದು. ಅದನ್ನೇ 100 ಫೆಮ್ಟೊಸೆಕೆಂಡಿನಲ್ಲಿ ಕೊಟ್ಟರೆ ಆ ಕ್ಷಣದ ಸಾಮರ್ಥ್ಯ 10,000 ಮೆಗಾವಾಟ್. ಸಾವಿರ ಮೆಗಾವಾಟಿನ ಹತ್ತು ವಿದ್ಯುತ್ ಸ್ಥಾವರಗಳಿಗೆ ಸಮ.

ಇಂಥ ಪ್ರಬಲ ಮಿಡಿತವನ್ನು ಉಂಟುಮಾಡುವುದು ಮೊದಲು ಸಾಧ್ಯವಿರಲಿಲ್ಲ, ಏಕೆಂದರೆ ಅದನ್ನು ವರ್ಧಿಸುವ ಸಾಧನವೇ ಸುಟ್ಟುಹೋಗುತ್ತಿತ್ತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಡೊನ್ನಾ ಸ್ಟ್ರಿಕ್ಲೆಂಡ್ ಮತ್ತು ಅವರ ಗುರು ಜೆರಾರ್ ಮುರು ಒಂದು ದಾರಿ ಕಂಡುಕೊಂಡರು: ಮಿಡಿತವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ ತೀವ್ರತೆ ತಗ್ಗಿಸುವುದು, ಆಮೇಲೆ ವರ್ಧಿಸುವುದು, ಕೊನೆಯಲ್ಲಿ ಮತ್ತೆ ಕುಗ್ಗಿಸುವುದು. ಈ ಕೆಲಸಕ್ಕೆ 2018ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಈ ಸಂಶೋಧನೆ ನಡೆದಾಗ ಸ್ಟ್ರಿಕ್ಲೆಂಡ್ ಇನ್ನೂ ವಿದ್ಯಾರ್ಥಿನಿ ಎಂಬುದನ್ನು ನಮ್ಮ ಕಾಲೇಜಿನ ಓದುಗರು ಗಮನಿಸಬೇಕು.

ಮೂರು ಹನಿ ನೀರು, ಅರ್ಧ ಧೂಳು

ಅದೇ ರೋಚೆಸ್ಟರಿನಲ್ಲಿ ಚುನ್ಲೆ ಗುವೊ ಮತ್ತು ಅನತೋಲಿ ವೊರೊಬ್ಯೆವ್ ಫೆಮ್ಟೊಸೆಕೆಂಡ್ ಲೇಸರಿನಿಂದ ಲೋಹಗಳ ಮೇಲ್ಮೈಯನ್ನು ಬದಲಿಸುವ ಪ್ರಯೋಗಗಳನ್ನು ನಡೆಸಿದರು. 2015ರ ಜನವರಿಯಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಲ್ಲರ ಗಮನ ಸೆಳೆಯಿತು. ಪ್ಲಾಟಿನಂ, ಟೈಟಾನಿಯಂ ಮತ್ತು ಹಿತ್ತಾಳೆಯ ತಗಡುಗಳ ಮೇಲೆ ಅವರು ಸಮಾನಾಂತರ ಗೆರೆಗಳನ್ನು ಕೆತ್ತಿದ್ದರು. ಲೇಸರ್ ಬಡಿದಾಗ ಚಿಮ್ಮಿದ ಲೋಹದ ಕಣಗಳು ಆ ಗೆರೆಗಳ ಮೇಲೆಯೇ ಕೂತು, ಕರಗಿದ ಲೋಹ ಮತ್ತೆ ಗಟ್ಟಿಯಾಗಿ, ನ್ಯಾನೋಮೀಟರ್ ಅಳತೆಯ ಇನ್ನೊಂದು ಒರಟುತನ ತಾನೇ ಮೂಡಿತ್ತು. ಎಲೆಯಲ್ಲಿ ಗುಬ್ಬು, ಗುಬ್ಬಿನ ಮೇಲೆ ಎಳೆ. ಇಲ್ಲಿ ಗೆರೆ, ಗೆರೆಯ ಮೇಲೆ ಕಣ.

ಈ ತಗಡಿನ ಮೇಲೆ ನೀರಿನ ಹನಿ ಬಿದ್ದರೆ ಚೆಂಡಿನಂತೆ ಪುಟಿಯುತ್ತಿತ್ತು. ಟೆಫ್ಲಾನ್ ಲೇಪಿಸಿದ ತಗಡಿನ ಮೇಲೆ ನೀರು ಜಾರಬೇಕಾದರೆ ಅದನ್ನು 70 ಡಿಗ್ರಿಯ ಹತ್ತಿರ ವಾಲಿಸಬೇಕಿತ್ತು. ಲೇಸರ್ ಕೆತ್ತಿದ ತಗಡಿಗೆ 5 ಡಿಗ್ರಿಗಿಂತ ಕಡಿಮೆ ಸಾಕಾಯಿತು. ಮನೆ ಗುಡಿಸುವ ಯಂತ್ರದ ಚೀಲದಿಂದ ತೆಗೆದ ಸಾಮಾನ್ಯ ಧೂಳನ್ನು ಅದರ ಮೇಲೆ ಸುರಿದಾಗ ಮೂರೇ ಹನಿ ನೀರು ಅರ್ಧದಷ್ಟು ಧೂಳನ್ನು ಹೊತ್ತೊಯ್ದಿತು. ಹನ್ನೆರಡು ಹನಿಗಳಲ್ಲಿ ತಗಡು ಪೂರ್ಣ ಶುಭ್ರವಾಯಿತು, ಒಣಗಿಯೂ ಇತ್ತು.

ನೀರು ಸಾಕಷ್ಟಿಲ್ಲದ ಊರುಗಳ ಶೌಚಾಲಯ, ಧೂಳು ಕೂತರೆ ವಿದ್ಯುತ್ ತಗ್ಗುವ ಸೌರಫಲಕ, ಹಿಮಗಟ್ಟುವ ವಿಮಾನದ ರೆಕ್ಕೆ, ಮಳೆನೀರು ಹಿಡಿಯುವ ತಗಡು ಇವೆಲ್ಲಕ್ಕೂ ಇಂಥ ಮೇಲ್ಮೈ ಒದಗಬಹುದು. ಒಂದು ಬಕೆಟ್ ನೀರಿನ ಕೆಲಸವನ್ನು ಒಂದು ಲೋಟ ಮಾಡುವುದಾದರೆ ಅದು ಸಣ್ಣ ಮಾತಲ್ಲ.

2019ರಲ್ಲಿ ಗುವೊ ತಂಡ ಇನ್ನೊಂದು ಸೋಜಿಗ ತೋರಿಸಿತು. ಹೀಗೆ ಕೆತ್ತಿದ ಎರಡು ಅಲ್ಯೂಮಿನಿಯಂ ಬಿಲ್ಲೆಗಳನ್ನು ಕೆತ್ತಿದ ಮುಖಗಳು ಒಳಗೆ ಎದುರುಬದುರಾಗುವಂತೆ ನಡುವೆ ಕಿರಿದಾದ ಸಂದು ಬಿಟ್ಟು ಜೋಡಿಸಿದರು. ಆ ಸಂದಿನ ಗಾಳಿಯನ್ನು ನೀರು ಹೊರದೂಡಲಾರದು. ಎರಡು ತಿಂಗಳು ನೀರಿನಲ್ಲಿ ಬಲವಂತವಾಗಿ ಮುಳುಗಿಸಿಟ್ಟು ಬಿಟ್ಟಾಗಲೂ ಅದು ಒಡನೆ ಮೇಲೆದ್ದು ತೇಲಿತು. ತೂತುಗಳನ್ನು ಕೊರೆದರೂ ಮುಳುಗಲಿಲ್ಲ.

ಹೊಸ ಕೆತ್ತನೆ ನೀರನ್ನು ಒಲಿಯುತ್ತದೆ!

ಇಲ್ಲೊಂದು ವಿಚಿತ್ರವಿದೆ. ಶುದ್ಧ ಲೋಹ ಸ್ವಭಾವತಃ ನೀರನ್ನು ಒಲಿಯುವ ದ್ರವ್ಯ. ಆದ್ದರಿಂದ ಬಹುಪಾಲು ಲೋಹಗಳ ಮೇಲೆ ಆಗತಾನೇ ಕೆತ್ತಿದ ಮೇಲ್ಮೈ ನೀರನ್ನು ದೂಡುವ ಬದಲು ಬತ್ತಿಯಂತೆ ಹೀರಿಕೊಳ್ಳುತ್ತದೆ. ವೆನ್‌ಜೆಲ್ ಸೂತ್ರ ಹೇಳುವುದೂ ಇದನ್ನೇ. ಆ ತಗಡನ್ನು ಗಾಳಿಯಲ್ಲಿ ಇಟ್ಟುಬಿಟ್ಟರೆ ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಅದೇ ಮೇಲ್ಮೈ ಜಲವಿರೋಧಿಯಾಗುತ್ತದೆ. ಗಾಳಿಯಲ್ಲಿರುವ ಇಂಗಾಲಯುಕ್ತ ಅಣುಗಳು ಒಂದೊಂದಾಗಿ ಅದರ ಮೇಲೆ ಕೂತು ಅತಿ ತೆಳುವಾದ ಪದರವಾಗುವುದೇ ಇದಕ್ಕೆ ಮುಖ್ಯ ಕಾರಣ. ಹದವಾಗಿ ಕಾಯಿಸಿದರೆ ಈ ಬದಲಾವಣೆ ಬೇಗ ಆಗುತ್ತದೆ. ರೂಪವನ್ನು ಲೇಸರ್ ಕೊಟ್ಟಿತು, ದ್ರವ್ಯವನ್ನು ಗಾಳಿ ಕೊಟ್ಟಿತು ಎನ್ನಬಹುದು.

ಎಣ್ಣೆಯ ಸವಾಲು

ಗಾಳಿ ಕೊಟ್ಟ ಈ ಪದರ ಎಣ್ಣೆಯ ಮುಂದೆ ನಿಲ್ಲುವುದಿಲ್ಲ. ಏಕೆಂದರೆ ಎಣ್ಣೆಯೂ ಇಂಗಾಲಯುಕ್ತವೇ, ಎರಡಕ್ಕೂ ಹೊಂದಾಣಿಕೆ. ಎಲೆಯ ಮೇಣದ ಗತಿಯೂ ಇದೇ. ಎಣ್ಣೆಯನ್ನು ಕೊಂಚವಾದರೂ ದೂಡಬಲ್ಲ ದ್ರವ್ಯವೆಂದರೆ ಇಂಗಾಲಕ್ಕೆ ಫ್ಲೋರಿನ್ ಬೆಸೆದ ಸಂಯುಕ್ತಗಳು. ಟೆಫ್ಲಾನ್ ಇದೇ ಕುಟುಂಬದ್ದು. ಆದರೆ ಫ್ಲೋರಿನ್ ಲೇಪಿಸಿದ ನಯವಾದ ಮೇಲ್ಮೈಯಲ್ಲೂ ಪೆಟ್ರೋಲಿನಂಥ ಹಗುರ ಎಣ್ಣೆಗಳ ಸ್ಪರ್ಶಕೋನ 90 ಡಿಗ್ರಿ ಮುಟ್ಟುವುದಿಲ್ಲ. ಕೋನ 90ಕ್ಕಿಂತ ಕಡಿಮೆ ಇದ್ದಾಗ ಒರಟು ಮಾಡಿದರೆ ಏನಾಗುತ್ತದೆ? ಎಣ್ಣೆ ಕಂಬಗಳ ಗೋಡೆಯುದ್ದಕ್ಕೂ ಕೆಳಗಿಳಿದು ಸಂದನ್ನು ತುಂಬುತ್ತದೆ.

ಇದಕ್ಕೆ ಪರಿಹಾರ ರೂಪದಲ್ಲಿದೆ. ನೆಟ್ಟಗಿನ ಕಂಬದ ಬದಲು ಅಣಬೆಯನ್ನು ಕಲ್ಪಿಸಿಕೊಳ್ಳಿ. ಎಣ್ಣೆ ಅಣಬೆಯ ತಲೆಯ ಅಂಚಿನವರೆಗೆ ಬರುತ್ತದೆ. ಮುಂದೆ ಇಳಿಯಬೇಕಾದರೆ ಅದು ತಲೆಯ ಅಡಿಭಾಗಕ್ಕೆ ಹಿಂದಕ್ಕೆ ತಿರುಗಬೇಕು. ಆ ತಿರುವಿನಲ್ಲಿ ಮೇಲ್ಮೈ ಎಳೆತ ಎಣ್ಣೆಯನ್ನು ಮೇಲಕ್ಕೇ ಹಿಡಿಯುತ್ತದೆ. ಎಣ್ಣೆ ಅಂಚಿನಲ್ಲಿ ತೂಗಿ ನಿಲ್ಲುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಅಮೆರಿಕದಲ್ಲಿ ಅನೀಶ್ ಟುಟೇಜಾ ಮತ್ತು ಸಂಗಡಿಗರು 2007ರಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ತೋರಿಸಿದರು; ಅವರು ಒಳಬಾಗಿನ ರೂಪದ ಜೊತೆಗೆ ಫ್ಲೋರಿನ್ ದ್ರವ್ಯವನ್ನೂ ಬಳಸಿದ್ದರು. 2014ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಎಂಜಿನಿಯರುಗಳು, ಲಿಯು ಮತ್ತು ಕಿಮ್, ಒಂದು ಹೆಜ್ಜೆ ಮುಂದೆ ಹೋದರು. ಅಣಬೆಯ ತಲೆಗೆ ಮನೆಯ ಸೂರಿನಂತೆ ಕೆಳಮುಖವಾದ ಇಳಿಜಾರಂಚನ್ನೂ ಕೊಟ್ಟರು. ಆಗ ಯಾವ ಲೇಪವೂ ಇಲ್ಲದ ಬರಿಯ ಸಿಲಿಕಾ ಕೂಡ ಎಲ್ಲ ಬಗೆಯ ದ್ರವಗಳನ್ನೂ ದೂಡಿತು. ರೂಪವೊಂದೇ ಸಾಕು ಎಂಬುದಕ್ಕೆ ಇದು ಸಾಕ್ಷಿ. ಅವರ ವಿಧಾನ ಮಾತ್ರ ಲೇಸರ್ ಅಲ್ಲ. ಕಂಪ್ಯೂಟರ್ ಚಿಪ್ ತಯಾರಿಸುವ ಕ್ರಮದಂಥದು.

ಲೇಸರಿಗೆ ಇಲ್ಲಿ ಒಂದು ತೊಡಕಿದೆ. ಬೆಳಕು ಮೇಲಿನಿಂದ ಬಡಿಯುತ್ತದೆ. ಹಳ್ಳ ತೋಡುವುದು ಸುಲಭ, ಸೂರಿನ ಅಡಿಯನ್ನು ಕೊರೆಯುವುದು ಕಷ್ಟ. ಚಿಮ್ಮಿ ಕೂತ ಕಣಗಳ ಗುಂಪುಗಳು ಅಲ್ಲಲ್ಲಿ ಅಂಥ ಚಾಚುಗಳನ್ನು ಉಂಟುಮಾಡುತ್ತವೆ ನಿಜ. ಅದರ ಮೇಲೆ ಫ್ಲೋರಿನ್ ಸಂಯುಕ್ತದ ಒಂದು ತೆಳುಪದರ ಹಚ್ಚಿದರೆ ನೀರು, ಎಣ್ಣೆ ಎರಡೂ ನಿಲ್ಲದ ಲೋಹ ದೊರೆಯುತ್ತದೆ. ಲೇಸರ್ ಕೆತ್ತನೆಯಿಂದ ಎಣ್ಣೆ ದೂಡುವ ಲೋಹ ಎಂದು ನೀವು ಓದಿದಾಗ ಬಹುಪಾಲು ಇದೇ ಅರ್ಥ. ಇನ್ನೊಂದು ದಾರಿಯಲ್ಲಿ ಲೇಸರ್ ಕೆತ್ತುವುದಿಲ್ಲ, ಕಟ್ಟುತ್ತದೆ. ದ್ರವರೂಪದ ರಾಳದಲ್ಲಿ ಫೆಮ್ಟೊಸೆಕೆಂಡ್ ಲೇಸರನ್ನು ಕೇಂದ್ರೀಕರಿಸಿದರೆ ಆ ಬಿಂದುವಿನಲ್ಲಷ್ಟೇ ರಾಳ ಗಟ್ಟಿಯಾಗುತ್ತದೆ. ಬಿಂದು ಬಿಂದುವಾಗಿ ಅಣಬೆಗಳನ್ನು ನಿಲ್ಲಿಸಬಹುದು. ಆದರೆ ಕೆಲಸ ಬಹಳ ನಿಧಾನ.

ಫ್ಲೋರಿನ್ನಿನ ಬೆಲೆ

ಫ್ಲೋರಿನ್ ಹಚ್ಚಿ ಮುಗಿಸಿದರಾಯಿತಲ್ಲ ಎಂದು ಕೇಳಬಹುದು. ಇಂಗಾಲ ಮತ್ತು ಫ್ಲೋರಿನ್ನಿನ ಬಂಧ ರಸಾಯನಶಾಸ್ತ್ರದ ಅತ್ಯಂತ ಗಟ್ಟಿ ಬಂಧಗಳಲ್ಲೊಂದು. ಈ ಗಟ್ಟಿತನವೇ ಆ ಸಂಯುಕ್ತಗಳು ಮಣ್ಣಿನಲ್ಲಿ, ನೀರಿನಲ್ಲಿ, ಜೀವಿಗಳ ಮೈಯಲ್ಲಿ ಕೊಳೆಯದೆ ಬಹುಕಾಲ ಉಳಿಯಲು ಕಾರಣ. ಇವುಗಳಲ್ಲಿ ಕೆಲವು ಆರೋಗ್ಯಕ್ಕೆ ಹಾನಿಕರ ಎಂಬುದು ದೃಢಪಟ್ಟಿದೆ. ದೀರ್ಘಕಾಲ ಉಳಿಯುವ ವಿಷಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಈ ಬಳಗದ ಪಿಎಫ್‌ಓಎಸ್ 2009ರಲ್ಲಿಯೂ ಪಿಎಫ್‌ಓಎ 2019ರಲ್ಲಿಯೂ ಸೇರಿದವು. ನೀರನ್ನು ಉಳಿಸಲು ಹೊರಟ ಮೇಲ್ಮೈ ನೀರನ್ನೇ ಕೆಡಿಸಿದರೆ ಏನು ಬಂತು? ಆದ್ದರಿಂದ ಫ್ಲೋರಿನ್ನನ್ನು ಬಿಟ್ಟು, ರೂಪದಿಂದಲೇ ಎಷ್ಟು ಕೆಲಸ ಸಾಧಿಸಬಹುದು ಎಂಬುದು ಇಂದಿನ ನಿಜವಾದ ಪ್ರಶ್ನೆ.

ಮೀನು ತೋರಿದ ದಾರಿ

ಒಂದು ಸಂದರ್ಭದಲ್ಲಿ ಈ ಪ್ರಶ್ನೆಗೆ ಸೊಗಸಾದ ಉತ್ತರ ಸಿಕ್ಕಿದೆ. ಮೀನಿನ ಹುರುಪೆ ನೀರಿನಲ್ಲಿರುವಾಗ ಅದಕ್ಕೆ ಎಣ್ಣೆ ಅಂಟುವುದಿಲ್ಲ. ಹುರುಪೆ ನೀರನ್ನು ಒಲಿಯುವಂಥದು, ಒರಟಾಗಿಯೂ ಇದೆ. ಅದರ ಸಂದುಗಳಲ್ಲಿ ನೀರು ಸಿಕ್ಕಿಕೊಂಡಿರುತ್ತದೆ. ಆ ನೀರನ್ನು ಎಣ್ಣೆ ಹೊರದೂಡಲಾರದು. ಚೀನಾದ ಜಿಯಾಂಗ್ ಲೇ ಅವರ ತಂಡ 2009ರಲ್ಲಿ ಇದನ್ನು ವಿವರಿಸಿತು. ಗಾಳಿಯ ಹಾಸಿಗೆಯ ಬದಲು ಇಲ್ಲಿ ನೀರಿನ ಹಾಸಿಗೆ.

ಆಗತಾನೇ ಕೆತ್ತಿದ ಮೇಲ್ಮೈ ನೀರನ್ನು ಬತ್ತಿಯಂತೆ ಹೀರುತ್ತದೆ ಎಂದೆವಲ್ಲ? ದೋಷವೆಂದು ತೋರಿದ ಆ ಗುಣ ಇಲ್ಲಿ ವರವಾಗುತ್ತದೆ. ಅಂಥ ಮೇಲ್ಮೈ ನೀರಿನೊಳಗೆ ಎಣ್ಣೆಯನ್ನು ದೂಡುತ್ತದೆ, ಯಾವ ಫ್ಲೋರಿನ್ನೂ ಬೇಡ. ಚೀನಾದ ಶಿಯಾನ್ ನಗರದ ಸಂಶೋಧಕರು ಫೆಮ್ಟೊಸೆಕೆಂಡ್ ಲೇಸರಿನಿಂದ ಇಂಥ ಅನೇಕ ಮೇಲ್ಮೈಗಳನ್ನು ಮಾಡಿ ತೋರಿಸಿದ್ದಾರೆ. ಇದೇ ಗುಣವಿರುವ ಲೋಹದ ಜರಡಿಯನ್ನು ಮೊದಲು ನೀರಿನಲ್ಲಿ ನೆನೆಸಿ, ಅದರ ಮೇಲೆ ಎಣ್ಣೆ ಬೆರೆತ ನೀರು ಸುರಿದರೆ ನೀರು ಇಳಿಯುತ್ತದೆ, ಎಣ್ಣೆ ಮೇಲೆಯೇ ನಿಲ್ಲುತ್ತದೆ.

ಪ್ರಯೋಗಶಾಲೆಯ ಬಾಗಿಲಾಚೆ

ಇಷ್ಟಿದ್ದೂ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಹೀಗೇಕಾಗಿಲ್ಲ? ಮೊದಲ ಅಡ್ಡಿ ವೇಗ. 2015ರ ಪ್ರಯೋಗದಲ್ಲಿ ಒಂದು ಅಂಗುಲ ಚೌಕದ ತಗಡನ್ನು ಕೆತ್ತಲು ಸುಮಾರು ಒಂದು ಗಂಟೆ ಹಿಡಿದಿತ್ತು. ಈಗ ಇದಕ್ಕೆ ಹಲವು ಉಪಾಯಗಳಿವೆ. ಒಂದು ಲೇಸರ್ ಕಿರಣವನ್ನು ಸೀಳಿ ಎರಡು ಕಿರಣಗಳನ್ನು ಒಂದೇ ಜಾಗದಲ್ಲಿ ಕೂಡಿಸಿದರೆ ವ್ಯತಿಕರಣದಿಂದ ಬೆಳಕು ಮತ್ತು ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಬೆಳಕಿನ ಪಟ್ಟಿ ಬಿದ್ದಲ್ಲಿ ಗೆರೆ ಕೊರೆಯುತ್ತದೆ. ಒಂದೇ ಮಿಡಿತಕ್ಕೆ ಹಲವಾರು ಗೆರೆಗಳು. ಸ್ಪರ್ಶಕೋನವನ್ನು ವಿವರಿಸಿದ ಯಂಗ್ ಇಲ್ಲಿ ಎರಡನೆಯ ಬಾರಿ ನೆರವಿಗೆ ಬರುತ್ತಾನೆ!

ಎರಡನೆಯ ಅಡ್ಡಿ ಬಾಳಿಕೆ. ಸೂಕ್ಷ್ಮ ಕೆತ್ತನೆ ಉಜ್ಜಿದರೆ ಸವೆಯುತ್ತದೆ. ಎಲೆಗೆ ಸವೆದ ಮೇಣವನ್ನು ಮತ್ತೆ ಬೆಳೆಸಿಕೊಳ್ಳುವ ಜೀವವಿದೆ, ಲೋಹಕ್ಕಿಲ್ಲ. 2020ರಲ್ಲಿ ಚೀನಾದ ಸಂಶೋಧಕರು ನಾಜೂಕಾದ ನ್ಯಾನೋ ಒರಟುತನವನ್ನು ಗಟ್ಟಿಯಾದ ಸೂಕ್ಷ್ಮ ಗುಳಿಗಳ ಒಳಗಿಟ್ಟು, ಗುಳಿಗಳ ಅಂಚೇ ಉಜ್ಜಾಟವನ್ನು ತಾಳಿಕೊಳ್ಳುವಂತೆ ಮಾಡಿದರು. ಕವಚ ಬೇರೆ, ಕೆಲಸ ಮಾಡುವ ಮೈ ಬೇರೆ ಎಂಬ ಈ ವಿಂಗಡಣೆ ಸರಳವಾದರೂ ಫಲಕಾರಿ.

ವಿದ್ಯಾರ್ಥಿ ಮಿತ್ರರೇ, ನೀರನ್ನು ದೂಡುವ ಲೋಹ ನಮ್ಮ ಕೈಗೆ ಬಂದಿದೆ. ನೀರಿನೊಳಗೆ ಎಣ್ಣೆಯನ್ನು ದೂಡುವ ಲೋಹವೂ ಬಂದಿದೆ. ಗಾಳಿಯಲ್ಲಿ, ಫ್ಲೋರಿನ್ ಇಲ್ಲದೆ, ಎಣ್ಣೆಯನ್ನು ದೂಡುವ, ಉಜ್ಜಿದರೂ ಸವೆಯದ, ಅಗ್ಗದ ಲೋಹ ಇನ್ನೂ ಬರಬೇಕಾಗಿದೆ. ಇಂದು ಸ್ಪರ್ಶಕೋನದ ಪಾಠ ಓದುತ್ತಿರುವವರಿಗೆ ಇದು ತೆರೆದಿರುವ ಕೆಲಸ.

ಮಾಡಿ ನೋಡಿ

ಹಿರಿಯರ ಸಮ್ಮುಖದಲ್ಲಿ, ಹಳೆಯ ಸ್ಟೀಲ್ ಚಮಚವೊಂದನ್ನು ಇಕ್ಕಳದಿಂದ ಹಿಡಿದು ಅದರ ಬೆನ್ನಿಗೆ ಮೇಣದ ಬತ್ತಿಯ ಜ್ವಾಲೆಯ ಮಸಿಯನ್ನು ದಟ್ಟವಾಗಿ ಹಿಡಿಸಿ. ಆರಿದ ಮೇಲೆ, ಮಸಿಯನ್ನು ಮುಟ್ಟದೆ, ಒಂದು ಹನಿ ನೀರು ಬಿಡಿ. ಅದು ಉರುಳಿ ಓಡುತ್ತದೆ. ಚಮಚವನ್ನು ನೀರಿನಲ್ಲಿ ಮುಳುಗಿಸಿ ಓರೆಯಾಗಿ ನೋಡಿ. ಕಪ್ಪು ಮಸಿ ಬೆಳ್ಳಿಯಂತೆ ಹೊಳೆಯುತ್ತದೆ. ಹೊಳೆಯುವುದು ಮಸಿಯಲ್ಲ, ಅದರ ಮೇಲೆ ಸಿಕ್ಕಿಕೊಂಡ ಗಾಳಿಯ ಪದರ. ಕೊನೆಯಲ್ಲಿ ಒಂದು ಹನಿ ಎಣ್ಣೆ ಬಿಟ್ಟು ನೋಡಿ.

ಯೋಚಿಸಿ ನೋಡಿ

1. ನೀರಿಗೆ ಸೋಪು ಬೆರೆಸಿದರೆ ಮೇಲ್ಮೈ ಎಳೆತ ತಗ್ಗುತ್ತದೆ. ಸೋಪಿನ ನೀರಿನ ಹನಿ ಕೆಸುವಿನ ಎಲೆಯ ಮೇಲೆ ಹೇಗೆ ವರ್ತಿಸಬಹುದು?
2. ಹನಿ ಬಹಳ ಎತ್ತರದಿಂದ ಬಿದ್ದರೆ ಸಂದಿನ ಗಾಳಿ ಏನಾದೀತು?
3. ನೀರು ಅಂಟದ ಪಾತ್ರೆಯನ್ನು ಸೋಪು ಹಾಕಿ ಉಜ್ಜಿ ತೊಳೆಯಬೇಕೇ, ಬೇಡವೇ? ಕಾರಣ ಕೊಡಿ.